ಹಂದಿಗೂದಲಿನ ತಲೆಬ್ರಷ್: ಬಳ್ಳಾರಿಯ ದೂಳು ಮತ್ತು ಸವಳು ನೀರಿನಲ್ಲಿ ನಾಲ್ಕು ವರ್ಷ

ಕೌಲ್ ಬಜಾರಿನ ನಮ್ಮ ಮನೆಯಲ್ಲಿ ಈ ಬ್ರಷ್ ನಾಲ್ಕು ವರ್ಷಗಳಿಂದ ದಿನವೂ ಬಳಕೆಯಲ್ಲಿದೆ. ಬೀಚ್ ಮರದ ಹಿಡಿ, ರಬ್ಬರಿನ ಮೆತ್ತೆ, ಮೆತ್ತೆಯಲ್ಲಿ ಸಾಲಾಗಿ ನೆಟ್ಟ ಬಿರುಗೂದಲಿನ ಕುಚ್ಚುಗಳು. ಬೆಲೆ 1,200 ರೂಪಾಯಿ. ಇದು ನನ್ನ ಎರಡನೆಯ ಬ್ರಷ್. ಮೊದಲನೆಯದನ್ನು ಎಂಟೇ ತಿಂಗಳಲ್ಲಿ ನಾನೇ ಹಾಳುಮಾಡಿದ್ದರಿಂದ, ಕೂದಲಿಗೆ ಬಂದ ಹೊಳಪಿಗಿಂತ ಬ್ರಷ್ಷಿನ ಜೋಪಾನದ ಬಗೆಗೇ ಇಲ್ಲಿ ಹೆಚ್ಚು ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿಯೊಂದಿದೆ. ಪೊಟ್ಟಣದ ಮೇಲೆ ‘ನೈಸರ್ಗಿಕ ಬಿರುಗೂದಲು’ ಎಂದಷ್ಟೇ ಇದ್ದರೂ ಇಂತಹ ಬ್ರಷ್ಷುಗಳಲ್ಲಿ ಸಾಮಾನ್ಯವಾಗಿ ಇರುವುದು ಹಂದಿಯ ಕೂದಲು. ಅದನ್ನು ತಿಳಿದ ಮೇಲೆ ನಮ್ಮ ಅತ್ತೆಯವರು ಇದನ್ನು ಮುಟ್ಟಲಿಲ್ಲ, ಅವರ ಮಾತನ್ನು ಗೌರವಿಸಿ ನಾನು ಇದನ್ನು ಬೇರೆಯೇ ಇಡುತ್ತೇನೆ. ಒಗ್ಗದವರು ಸಸ್ಯದ ನಾರಿನ ಅಥವಾ ಮರದ ಹಲ್ಲಿನ ಬ್ರಷ್ ಆರಿಸಿಕೊಳ್ಳುವುದು ಒಳ್ಳೆಯದು.

ಬಿರುಗೂದಲು ನಮ್ಮ ಕೂದಲಿನಂತೆಯೇ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಮೈಮೇಲಿನ ಸೂಕ್ಷ್ಮ ಪೊರೆಗಳು ನೆತ್ತಿಯ ಜಿಡ್ಡನ್ನು ಹಿಡಿದು ಕೂದಲಿನ ತುದಿಯವರೆಗೆ ಒಯ್ಯುತ್ತವೆ. ಸೊಂಟದವರೆಗಿನ ನನ್ನ ಜಡೆಯ ತುದಿ ಒಣಗುವುದು ಕಡಿಮೆಯಾಗಿ, ಕೊಬ್ಬರಿ ಎಣ್ಣೆಯ ಬಳಕೆ ಅರ್ಧಕ್ಕಿಳಿದಿದೆ. ಆದರೆ ಸಿಕ್ಕು ಬಿಡಿಸುವುದು ಇದರ ಕೆಲಸವಲ್ಲ. ಮೊದಲು ಅಗಲ ಹಲ್ಲಿನ ಹಣಿಗೆ ಆಡಿಸಿ, ಅನಂತರವೇ ಇದನ್ನು ಹಿಡಿಯಬೇಕು. ಒದ್ದೆ ಕೂದಲಿಗಂತೂ ತಾಗಿಸಲೇಬಾರದು.

ಜಿಡ್ಡನ್ನು ಹಿಡಿಯುವ ಗುಣವೇ ದೂಳನ್ನೂ ಹಿಡಿಯುತ್ತದೆ. ಅದಿರಿನ ಲಾರಿಗಳು ಓಡಾಡುವ ಈ ಊರಿನಲ್ಲಿ, ಅದರಲ್ಲೂ ಬೇಸಿಗೆಯ ಗಾಳಿಯಲ್ಲಿ, ಒಂದೇ ವಾರಕ್ಕೆ ಕುಚ್ಚುಗಳ ಬುಡದಲ್ಲಿ ಬೂದು ಬಣ್ಣದ ಕಸ ಕೂಡುತ್ತದೆ, ಎಣ್ಣೆ ಹಚ್ಚಿಕೊಂಡ ವಾರವಾದರೆ ಅದು ಕೆಮ್ಮಣ್ಣಿನ ಕಲಸಿನಂತಾಗುತ್ತದೆ. ಅದನ್ನು ತೆಗೆಯದೆ ಬಾಚಿದರೆ ತೊಳೆದ ತಲೆಗೆ ಅದೇ ಕೊಳೆ ಮರಳಿ ಹತ್ತುತ್ತದೆ.

ಮೊದಲ ಬ್ರಷ್ಷನ್ನು ನಾನು ಕೆಡಿಸಿದ್ದು ಈ ಕೊಳೆಯನ್ನು ತೆಗೆಯಲು ಹೋಗಿಯೇ. ಬೋರ್‌ವೆಲ್ಲಿನ ಬಿಸಿ ನೀರಿಗೆ ಸೋಪು ಕಲಸಿ, ಮಗ್ಗಿನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಗಾಳಿಯಾಡಲೆಂದು ಮೆತ್ತೆಯಲ್ಲಿರುವ ಸಣ್ಣ ತೂತಿನಿಂದ ನೀರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಮೂರನೆಯ ದಿನಕ್ಕೆ ಒದ್ದೆ ಗೋಣಿಚೀಲದ ವಾಸನೆ ಬಂತು. ಮರ ಉಬ್ಬಿ, ಹಿಡಿಯ ಕತ್ತಿನಲ್ಲಿ ವಾರ್ನಿಷ್ ಎದ್ದು, ಕುಚ್ಚುಗಳು ಒಂದೊಂದಾಗಿ ಕಳಚಿದವು. ಸವಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ಬಿಳಿಯ ಗಸಿಯಾಗಿ ಕೂದಲಿಗೆ ಅಂಟಿದ್ದು ಬೇರೆ. ಸ್ನಾನದ ಬಕೆಟ್ಟಿನ ಅಂಚಿಗೆ ಕಟ್ಟುವುದೂ ಇದೇ ಗಸಿ ಎಂಬುದು ನನಗೆ ಹೊಳೆದದ್ದು ಆಮೇಲೆ.

ಈಗ ನನ್ನ ಕೆಲಸದ ಮುಕ್ಕಾಲು ಪಾಲು ನೀರಿಲ್ಲದೆಯೇ ನಡೆಯುತ್ತದೆ. ಬಾಚಿದ ಕೂಡಲೇ, ಹಿಡಿಯ ತುದಿ ಚೂಪಾಗಿರುವ ಹಣಿಗೆಯಿಂದ ಸಿಕ್ಕ ಕೂದಲನ್ನು ಅಂಚಿನಿಂದ ನಡುವಿನ ಕಡೆಗೆ ಎತ್ತಿ ತೆಗೆಯುತ್ತೇನೆ, ಒಮ್ಮೆಲೇ ಜಗ್ಗುವುದಿಲ್ಲ. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಒಣಗಿದ್ದಂತೆಯೇ ಸಾಲುಗಳ ನಡುವೆ ಆಡಿಸುತ್ತೇನೆ. ತಿಂಗಳಿಗೊಮ್ಮೆ ಮಾತ್ರ, ನಳದಲ್ಲಿ ತುಂಗಭದ್ರಾ ಕಾಲುವೆಯ ನೀರು ಬಂದ ದಿನ, ಅಗಲ ತಟ್ಟೆಯಲ್ಲಿ ಬಿರುಗೂದಲಿನ ಅರ್ಧ ಎತ್ತರಕ್ಕೆ ಉಗುರುಬೆಚ್ಚಗಿನ ನೀರು ಹಾಕಿ, ಒಂದು ಹನಿ ಶಾಂಪೂ ಬೆರೆಸಿ, ಮೆತ್ತೆಗೆ ನೀರು ತಾಗದಂತೆ ಮುಖ ಕೆಳಗಾಗಿ ಮೆಲ್ಲಗೆ ಅದ್ದಿ ತೆಗೆಯುತ್ತೇನೆ. ಆಗ ಆ ತೂತಿನ ಮೇಲೆ ಬೆರಳು ಇದ್ದೇ ಇರುತ್ತದೆ. ಸೋಸಿದ ಅಂಟುವಾಳದ ನೀರೂ ಆದೀತು, ಆದರೆ ಸೀಗೆಪುಡಿ ಬೇಡ, ಅದರ ಚೂರುಗಳು ಬುಡದಲ್ಲಿ ಕೂತರೆ ಏಳುವುದಿಲ್ಲ. ಬರಿಯ ನೀರಿನಲ್ಲಿ ಹಾಗೆಯೇ ಎರಡು ಸಲ ಅದ್ದಿ, ನೂಲಿನ ಬಟ್ಟೆಯ ಮೇಲೆ ಮುಖ ಕೆಳಗಾಗಿ, ನೆರಳಿನಲ್ಲಿ ಒಂದು ಹಗಲು ಒಂದು ರಾತ್ರಿ ಬಿಡುತ್ತೇನೆ. ಬೇಗ ಒಣಗಲೆಂದು ಒಮ್ಮೆ ಏಪ್ರಿಲ್ ಬಿಸಿಲಿಗೆ ಮಾಳಿಗೆಯ ಮೇಲೆ ಇಟ್ಟಿದ್ದೆ; ಅಂದು ವಾರ್ನಿಷಿನಲ್ಲಿ ಬಿದ್ದ ಕೂದಲೆಳೆಯಷ್ಟು ಬಿರುಕು ಇಂದಿಗೂ ಇದೆ.

ಉಣ್ಣೆಯನ್ನು ತಿನ್ನುವ ಹುಳುಗಳು ಕೆರಾಟಿನ್ ಇರುವ ಇದನ್ನೂ ತಿನ್ನಬಲ್ಲವು, ಆದ್ದರಿಂದ ಜಿಡ್ಡಿರುವಾಗ ಟ್ರಂಕಿನಲ್ಲಿ ಮುಚ್ಚಿಡುವುದಿಲ್ಲ.

ನಾಲ್ಕು ವರ್ಷದಲ್ಲಿ ಒಂದೇ ಕುಚ್ಚು ಉದುರಿದೆ. ಹೊರಸಾಲಿನ ತುದಿಗಳು ಸ್ವಲ್ಪ ಸವೆದಿವೆ. ನನ್ನ ದೂರು ಎರಡು. ಇಷ್ಟು ಬೆಲೆಯ ವಸ್ತುವಿನ ಜೊತೆಗೆ ತೊಳೆಯುವ ಬಗೆಯನ್ನು ಹೇಳುವ ಒಂದು ಚೀಟಿಯೂ ಇರಲಿಲ್ಲ, ಮೆತ್ತೆ ಹಾಳಾದರೆ ಅದೊಂದನ್ನೇ ಬದಲಿಸುವ ಅನುಕೂಲವೂ ಇಲ್ಲ. ಮುಂದಿನ ಸಲ ಮೆತ್ತೆಯೂ ತೂತೂ ಇಲ್ಲದ, ಕುಚ್ಚುಗಳನ್ನು ನೇರವಾಗಿ ಮರಕ್ಕೇ ನೆಟ್ಟಿರುವ ಬ್ರಷ್ಷನ್ನು ಕೊಳ್ಳುತ್ತೇನೆ.