ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ: ಹೊತ್ತಿಗೆ ಕಡಿವಾಣ ಸರಿ, ಇನ್‌ಸ್ಟಾಲ್‌ಗೆ ಅರ್ಧ ಬೀಗ

ವಿಂಡೋಸ್ ಕಂಪ್ಯೂಟರಿನಲ್ಲಿ ಮಕ್ಕಳು ಎಷ್ಟು ಹೊತ್ತು ಆಡಬೇಕೆಂದು ನಿಗದಿಪಡಿಸಲು ಮೈಕ್ರೋಸಾಫ್ಟ್‌ನ ಪೋಷಕರ ಸಾಧನ ಫ್ಯಾಮಿಲಿ ಸೇಫ್ಟಿ ಚೆನ್ನಾಗಿದೆ. ಸಮಯದ ಮಿತಿ, ವಯಸ್ಸಿನ ಮಿತಿ, ಬಳಕೆಯ ವರದಿ ಎಲ್ಲವೂ ಉಚಿತ. ಮಗುವಿಗೂ ನಿಮಗೂ ಒಂದೊಂದು ಮೈಕ್ರೋಸಾಫ್ಟ್ ಅಕೌಂಟ್ ಇದ್ದು, ಎರಡೂ ಒಂದೇ ಫ್ಯಾಮಿಲಿ ಗುಂಪಿನಲ್ಲಿದ್ದರೆ ಸಾಕು. ಆದರೆ ಗೇಮ್ ಇನ್‌ಸ್ಟಾಲ್ ಮಾಡುವ ವಿಷಯಕ್ಕೆ ಬಂದರೆ ಬೀಗ ಎರಡಿವೆ. ಅಡ್ಮಿನ್ (ಕಂಪ್ಯೂಟರಿನ ಪೂರ್ಣ ಅಧಿಕಾರವಿರುವ ಅಕೌಂಟ್) ಪಾಸ್‌ವರ್ಡ್ ಕೇಳುವುದು ವಿಂಡೋಸ್. ವಯಸ್ಸು ನೋಡಿ ತಡೆಯುವುದು ಫ್ಯಾಮಿಲಿ ಸೇಫ್ಟಿ. ಒಂದನ್ನು ತೆರೆದ ಮಾತ್ರಕ್ಕೆ ಇನ್ನೊಂದು ತಾನಾಗಿ ತೆರೆಯುವುದಿಲ್ಲ.

ಮೊದಲು ಸೆಟ್ಟಿಂಗ್ಸ್, ಅಕೌಂಟ್ಸ್, ಫ್ಯಾಮಿಲಿ ಎಂದು ಹೋಗಿ ಮಗುವಿನ ಅಕೌಂಟ್ 'ಸ್ಟ್ಯಾಂಡರ್ಡ್ ಯೂಸರ್' ಆಗಿದೆಯೇ ನೋಡಿ. ಅದು ಅಡ್ಮಿನ್ ಆಗಿದ್ದರೆ ಮುಂದಿನದೆಲ್ಲ ವ್ಯರ್ಥ. ಅಪ್ಪ-ಅಮ್ಮನ ನಾಲ್ಕಂಕಿ ಪಿನ್ ಮಕ್ಕಳಿಗೆ ಗೊತ್ತಿದ್ದರೂ ಅಷ್ಟೇ, ಏಕೆಂದರೆ ಅಡ್ಮಿನ್ ಅನುಮತಿಗೆ ಆ ಪಿನ್ನೇ ಸಾಕಾಗುತ್ತದೆ.

ಗೇಮ್‌ಗಳ ಅಂಗಡಿ ಸ್ಟೀಮ್‌ನಲ್ಲಿ ತಲೆನೋವು ಕಡಿಮೆ. ಒಮ್ಮೆ ಪಾಸ್‌ವರ್ಡ್ ಕೊಟ್ಟು ಹಾಕಿದರೆ ಅದರದ್ದೇ ಒಂದು ಸರ್ವಿಸ್ ಹಿನ್ನೆಲೆಯಲ್ಲಿ ಕೂರುತ್ತದೆ. ಆಮೇಲೆ ಗೇಮ್‌ಗಳೂ ಅಪ್‌ಡೇಟ್‌ಗಳೂ ಬಹುಪಾಲು ಪಾಸ್‌ವರ್ಡ್ ಕೇಳದೆ ಇಳಿಯುತ್ತವೆ. ಹಾಗಾಗಿ ಇಲ್ಲಿ ಕಾವಲು ಬೇಕಿರುವುದು ಸ್ಟೀಮ್ ಒಳಗೆ. 2024ರಲ್ಲಿ ಬಂದ ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಯಾವ ಗೇಮ್ ಆಡಬಹುದು, ಎಷ್ಟು ಹೊತ್ತು ಎಂಬುದನ್ನು ಹಿರಿಯರೇ ಗುರುತು ಹಾಕಬಹುದು. ಸ್ಟೀಮ್ ಅಕೌಂಟ್‌ಗೆ ಕನಿಷ್ಠ 13 ವರ್ಷವಾಗಿರಬೇಕು ಎಂಬುದು ನೆನಪಿರಲಿ.

ರೋಬ್ಲಾಕ್ಸ್ ತೀರಾ ಉಲ್ಟಾ. ಅದು ಸಾಮಾನ್ಯವಾಗಿ ಎಲ್ಲರಿಗೂ ಸೇರಿದ ಪ್ರೋಗ್ರಾಮ್ ಫೈಲ್ಸ್ ಫೋಲ್ಡರನ್ನು ಮುಟ್ಟುವುದಿಲ್ಲ. ಮಗುವಿನ ಅಕೌಂಟಿಗಷ್ಟೇ ಸೇರಿದ ಆ್ಯಪ್‌ಡೇಟಾ ಫೋಲ್ಡರಿಗೆ ಇಳಿಯುವುದರಿಂದ ಪಾಸ್‌ವರ್ಡ್ ಕೇಳದು. ಬೇಡವೆಂದರೆ, ಅದು ಒಮ್ಮೆ ಓಡಿದ ಮೇಲೆ ಫ್ಯಾಮಿಲಿ ಸೇಫ್ಟಿಯ ಆ್ಯಪ್ ಪಟ್ಟಿಯಲ್ಲಿ ಹುಡುಕಿ ಬ್ಲಾಕ್ ಮಾಡಬೇಕು. ಮೊದಲೇ ತಡೆಯುವ ಸುಲಭ ದಾರಿ ಇಲ್ಲದಿರುವುದು ಈ ವ್ಯವಸ್ಥೆಯ ದೊಡ್ಡ ಕೊರತೆ.

ಆ್ಯಪ್‌ಡೇಟಾಗೆ ಇಳಿಯುವ ಇಂಥ ಕೆಲವು ಇನ್‌ಸ್ಟಾಲರುಗಳಲ್ಲಿ ಇನ್ನೊಂದು ಎಡವಟ್ಟು ನಡೆಯುತ್ತದೆ. ಮಗುವಿನ ಅಕೌಂಟಿನಲ್ಲಿದ್ದುಕೊಂಡೇ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಒತ್ತಿ ನಿಮ್ಮ ಪಾಸ್‌ವರ್ಡ್ ಕೊಟ್ಟರೆ ಗೇಮ್ ನಿಮ್ಮ ಆ್ಯಪ್‌ಡೇಟಾಗೆ ಹೋಗಿ ಕೂರುತ್ತದೆ. ಮಗುವಿಗೆ ಐಕಾನೂ ಕಾಣದು, ಆಟವೂ ತೆರೆಯದು. ನಿಮ್ಮ ಅಕೌಂಟಿನಿಂದ ತೆಗೆದುಹಾಕಿ, ಮಗುವಿನ ಅಕೌಂಟಿನಲ್ಲಿ ಬರೀ ಡಬಲ್ ಕ್ಲಿಕ್ ಮಾಡಿ ಮತ್ತೆ ಹಾಕಿ. 'ಎಲ್ಲ ಬಳಕೆದಾರರಿಗೆ' ಎಂಬ ಆಯ್ಕೆ ಇನ್‌ಸ್ಟಾಲರಿನಲ್ಲಿದ್ದರೆ ಅದು ಇನ್ನೂ ವಾಸಿ.

ಮೈನ್‌ಕ್ರಾಫ್ಟ್ ಇನ್‌ಸ್ಟಾಲ್ ಆಗುತ್ತದೆ, ಒಬ್ಬರೇ ಆಡಬಹುದು, ಆದರೆ ಸ್ನೇಹಿತರ ಜೊತೆ ಸೇರಲು ಹೋದರೆ ಮಲ್ಟಿಪ್ಲೇಯರ್ ನಿಷ್ಕ್ರಿಯ ಎನ್ನುತ್ತದೆ. ಅದರ ಸ್ವಿಚ್ ಇರುವುದು ಮೈಕ್ರೋಸಾಫ್ಟ್‌ನದೇ ಆದ ಎಕ್ಸ್‌ಬಾಕ್ಸ್‌ನ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ, ಹಿರಿಯರ ಅಕೌಂಟಿನಿಂದ ತೆರೆಯಬೇಕು. ಒಂದೇ ಕಂಪನಿಯ ಎರಡು ಜಾಗಗಳಿಗೆ ಓಡಾಡಿಸುವುದಕ್ಕೆ ಒಂದು ಅಂಕ ಕಡಿತ.

ವ್ಯಾಲೊರಂಟ್‌ನಲ್ಲಿ ಪಾಸ್‌ವರ್ಡ್ ಕೊಟ್ಟರೂ ವಿಂಡೋಸ್ 11ರಲ್ಲಿ ವ್ಯಾನ್ 9001, 9003 ಎಂಬ ದೋಷಗಳು ಬಂದರೆ ಫ್ಯಾಮಿಲಿ ಸೇಫ್ಟಿಯನ್ನು ದೂರಬೇಡಿ. ಆ ಗೇಮ್‌ನ ಮೋಸ ತಡೆಯುವ ತಂತ್ರಾಂಶ ವ್ಯಾನ್‌ಗಾರ್ಡ್‌ಗೆ ಟಿಪಿಎಂ 2.0 (ಕಂಪ್ಯೂಟರಿನ ಭದ್ರತಾ ಘಟಕ), ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದಷ್ಟೇ ಕಂಪ್ಯೂಟರ್ ಶುರುವಾಗುವ ವ್ಯವಸ್ಥೆ) ಎರಡೂ ಬೇಕು; ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್ ಆದ ಬಯಾಸ್‌ನಲ್ಲಿ ಆನ್ ಮಾಡಬೇಕು. ಬಯಾಸ್ ಮುಟ್ಟುವ ಮೊದಲು ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ; ಇಲ್ಲದಿದ್ದರೆ ಡಿಸ್ಕ್ ತೆರೆಯದೆ ಹೋಗಬಹುದು.

ಗೇಮ್ ಆಡಲಾಗುತ್ತದೆ, ಆದರೆ ಸೇವ್ ಆಗುವುದಿಲ್ಲವೆಂದರೆ ವಿಂಡೋಸ್ ಸೆಕ್ಯೂರಿಟಿಯ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ನೋಡಿ. ಅದು ಡಾಕ್ಯುಮೆಂಟ್ಸ್ ಫೋಲ್ಡರಿಗೆ ಬರೆಯಲು ಬಿಡದಿರಬಹುದು; ಇಡಿಯಾಗಿ ಆಫ್ ಮಾಡದೆ ಆ ಗೇಮ್ ಒಂದಕ್ಕೆ ಮಾತ್ರ ಅನುಮತಿ ಕೊಡಿ.