ಇಪ್ಪತ್ತು ಗುಂಟೆ ಉಳಲು ಯಾವುದು? ಫ್ರಂಟ್ ರೋಟರಿ, ಬ್ಯಾಕ್ ರೋಟರಿ, ಬಾಡಿಗೆ ಟ್ರ್ಯಾಕ್ಟರ್

ಮೊದಲೇ ಹೇಳಿಬಿಡುತ್ತೇನೆ, ಅರ್ಧ ಎಕರೆ ತರಕಾರಿ ತಾಕಿಗೆ ನನ್ನ ಓಟು ಬ್ಯಾಕ್ ರೋಟರಿ ವೀಡರಿಗೆ. ಮುಂದೆ ಎರಡು ಚಕ್ರ, ಹಿಂದೆ ರೋಟರಿ ಅಂದರೆ ಮಣ್ಣು ಉಳುವ ತಿರುಗು ಬ್ಲೇಡು, ಮೇಲೊಂದು 7 ಎಚ್‌ಪಿ ಪೆಟ್ರೋಲ್ ಎಂಜಿನ್. ಅಂಗಡಿಗೆ ಹೋದರೆ ಮೊದಲು ತೋರಿಸುವುದು ಇದನ್ನಲ್ಲ. ಚಕ್ರ ಇರಬೇಕಾದ ಜಾಗದಲ್ಲೇ ಬ್ಲೇಡು ಸಿಕ್ಕಿಸಿರುವ ಫ್ರಂಟ್ ರೋಟರಿಯನ್ನು ತೋರಿಸುತ್ತಾರೆ. ಎಂಜಿನ್ ಅದೇ, ಬೆಲೆ ಹೆಚ್ಚುಕಮ್ಮಿ ಅರ್ಧ. ಹಾಗೆ ನೋಡಿ ಕೊಂಡವರಲ್ಲಿ ನಾನೂ ಒಬ್ಬ. ಎರಡು ಮುಂಗಾರು ಉತ್ತ ಮೇಲೆ ಅದನ್ನು ಮಾರಿ ಬ್ಯಾಕ್ ರೋಟರಿ ತಂದದ್ದು. ಮಿನಿ ಟ್ರ್ಯಾಕ್ಟರನ್ನೂ ಬಾಡಿಗೆಗೆ ಕರೆಸಿ ಇದೇ ತಾಕಿನಲ್ಲಿ ಓಡಿಸಿ ನೋಡಿದ್ದಾಗಿದೆ.

ತಾಕು 66 ಅಡಿ ಅಗಲ, 330 ಅಡಿ ಉದ್ದ. ತುಮಕೂರು ಕಡೆಯ ಕೆಂಪು ಮಣ್ಣು, ಮರಳು ಮಿಶ್ರ, ಅಲ್ಲಲ್ಲಿ ನೊರಜುಗಲ್ಲು, ಬದುವಿನ ಪಕ್ಕ ಗರಿಕೆ, ಮೇಲೆ ಡ್ರಿಪ್ ಪೈಪು. ಎರೆ ಭೂಮಿಯವರಿಗೆ ಇಲ್ಲಿನ ಲೆಕ್ಕ ಅಷ್ಟಾಗಿ ಹೊಂದುವುದಿಲ್ಲ. ಅಲ್ಲಿ ಹಸಿ ಇದ್ದರೆ ಮಣ್ಣು ಬ್ಲೇಡಿಗೆ ಮೆತ್ತಿಕೊಂಡು ಉಂಡೆಯಾಗುತ್ತದೆ, ಒಣಗಿದರೆ ಈ ಸಣ್ಣ ಯಂತ್ರಗಳನ್ನು ಹತ್ತಿರಕ್ಕೇ ಸೇರಿಸುವುದಿಲ್ಲ.

ಫ್ರಂಟ್ ರೋಟರಿಯಲ್ಲಿ ಬ್ಲೇಡೇ ಚಕ್ರ. ಬ್ಲೇಡು ತಿರುಗಿದರೆ ಯಂತ್ರ ಮುಂದಕ್ಕೆ ಹೋಗುತ್ತದೆ. ಅದನ್ನು ತಡೆದು ಹಿಡಿಯುವುದು ಹಿಂದೆ ನೆಲಕ್ಕೆ ಚುಚ್ಚಿಕೊಳ್ಳುವ ಒಂದು ಕಬ್ಬಿಣದ ಪಟ್ಟಿ. ಹ್ಯಾಂಡಲ್ ಕೆಳಕ್ಕೆ ಅದುಮಿದರೆ ಪಟ್ಟಿ ಮಣ್ಣಿಗಿಳಿದು ಓಟ ನಿಧಾನವಾಗುತ್ತದೆ, ಬ್ಲೇಡು ಆಳಕ್ಕೆ ಹೋಗುತ್ತದೆ. ಮೇಲಕ್ಕೆತ್ತಿದರೆ ಓಡುತ್ತದೆ. ಹೊಸಬರು ಮಾಡುವುದು ಇದಕ್ಕೆ ತಿರುವುಮುರುವು: ಉಳುತ್ತಿಲ್ಲ ಅಂತ ಮುಂದಕ್ಕೆ ತಳ್ಳುತ್ತಾರೆ. ಯಂತ್ರ ಗಟ್ಟಿ ನೆಲದ ಮೇಲೆ ಕುಪ್ಪಳಿಸಿಕೊಂಡು ಓಡುತ್ತದೆ, ಹಿಡಿದವರ ಭುಜ ಬಿದ್ದುಹೋಗುತ್ತದೆ. ಪಟ್ಟಿಯನ್ನು ಎರಡು ತೂತು ಕೆಳಕ್ಕೆ ಇಳಿಸಿ ಪಿನ್ ಹಾಕಿದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು. ಒಮ್ಮೆ ಉತ್ತು ಸಡಿಲವಾದ ಮಣ್ಣಿಗೆ ಅದೇ ಪಟ್ಟಿಯನ್ನು ಮೇಲೇರಿಸಬೇಕು, ಇಲ್ಲದಿದ್ದರೆ ನಿಂತಲ್ಲೇ ಗುಂಡಿ ತೋಡುತ್ತದೆ.

ಇಷ್ಟು ತಿಳಿದಿದ್ದರೂ ಹದ ತಪ್ಪಿದ ನೆಲದಲ್ಲಿ ಫ್ರಂಟ್ ರೋಟರಿ ಕೈಕೊಡುತ್ತದೆ. ನಾಲ್ಕಿಂಚು ಆಳದ ಮಣ್ಣು ಒಂದು ಹಿಡಿ ತೆಗೆದು ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬಿಡಿ. ಬಿದ್ದು ಪುಡಿಯಾದರೆ ಹದ. ಉಂಡೆ ಹಾಗೇ ಉಳಿದರೆ ಇನ್ನೊಂದು ದಿನ ಬಿಡಬೇಕು. ಉಂಡೆಯೇ ಕಟ್ಟದಿದ್ದರೆ ಒಣಗಿದೆ. ಭರಣಿ ಮಳೆ ಬಿದ್ದ ಮೇಲೆ ಕೆಂಪು ಮಣ್ಣಿನಲ್ಲಿ ಈ ಹದ ನಿಲ್ಲುವುದು ಎರಡೋ ಮೂರೋ ದಿನ. ಆಮೇಲೆ ಫ್ರಂಟ್ ರೋಟರಿ ಮೊದಲ ಸುತ್ತಿಗೆ ಎರಡಿಂಚು ಕೆರೆಯುತ್ತದೆ, ಅಷ್ಟೇ. ಬ್ಯಾಕ್ ರೋಟರಿಯಲ್ಲಿ ಚಕ್ರ ನಿಧಾನಕ್ಕೆ ಹೋಗುತ್ತದೆ, ಬ್ಲೇಡು ಜೋರಾಗಿ ತಿರುಗುತ್ತದೆ, ಓಟ ಹಿಡಿಯುವ ಕೆಲಸ ಚಕ್ರದ್ದು, ನಿಮ್ಮ ತೋಳಿನದ್ದಲ್ಲ. ಮೊದಲ ಸುತ್ತಿಗೇ ಮೂರು ನಾಲ್ಕು ಇಂಚು ಒಂದೇ ಸಮ ಸಿಗುತ್ತದೆ.

ಆದರೆ ಫ್ರಂಟ್ ರೋಟರಿಯನ್ನು ಮಾರಿದ್ದು ಆಳಕ್ಕಾಗಿ ಅಲ್ಲ, ಸುತ್ತಿಕೊಳ್ಳುವ ಕಾಟಕ್ಕೆ.

ಇದನ್ನು ಮಾರುವವರು ಯಾರೂ ಹೇಳುವುದಿಲ್ಲ. ಗೇರ್ ಬಾಕ್ಸ್ ನಡುವೆ ಇರುತ್ತದೆ, ಅದರ ಎರಡೂ ಕಡೆ ಷಾಫ್ಟ್ ಹೊರಬಂದು, ಅದರ ಮೇಲೆ ಹಬ್, ಅಂದರೆ ಬ್ಲೇಡು ಜೋಡಿಸಿದ ಕೊಳವೆ, ಕೂರುತ್ತದೆ. ಹಬ್ಬಿಗೂ ಗೇರ್ ಬಾಕ್ಸಿಗೂ ನಡುವೆ ಒಂದು ಸಣ್ಣ ಸಂದು. ಗರಿಕೆಯ ಬೇರು, ಹುರಿ, ಹಳೆ ಮಲ್ಚಿಂಗ್ ಹಾಳೆಯ ಚೂರು, ಮರೆತು ಬಿಟ್ಟ ಡ್ರಿಪ್ ಪೈಪು, ಎಲ್ಲ ಹೋಗಿ ಸೇರುವುದು ಆ ಸಂದಿಗೇ. ಇವುಗಳಲ್ಲಿ ಅತಿ ಕೆಟ್ಟದ್ದು ಗೊಬ್ಬರದ ಚೀಲದ ಬಾಯಿ ಹೊಲಿದ ಪ್ಲಾಸ್ಟಿಕ್ ದಾರ. ತಿಪ್ಪೆ ಗೊಬ್ಬರದ ಜೊತೆ ಯಾವಾಗ ಹೊಲಕ್ಕೆ ಬಂತೋ ಗೊತ್ತೇ ಆಗುವುದಿಲ್ಲ. ಸಂದಿನಲ್ಲಿ ಬಿಗಿಯಾಗಿ ಸುತ್ತಿ, ಉಜ್ಜಿ, ಬಿಸಿಗೆ ಕರಗಿ, ಬಳೆಯ ಹಾಗೆ ಗಟ್ಟಿಯಾಗಿ, ಆಯಿಲ್ ಸೀಲಿನ (ಗೇರ್ ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಉಂಗುರ) ತುಟಿಯನ್ನು ಕೊಯ್ದುಬಿಡುತ್ತದೆ. ಮೊದಲು ಹಬ್ಬಿನ ಪಕ್ಕದ ಮಣ್ಣು ಜಿಡ್ಡು ಜಿಡ್ಡಾಗುತ್ತದೆ. ಅದನ್ನು ಗಮನಿಸದಿದ್ದರೆ ಗೇರ್ ಆಯಿಲ್ ಇಳಿಯುತ್ತದೆ, ಮಣ್ಣು ಒಳಹೋಗುತ್ತದೆ, ಆಮೇಲೆ ಬೇರಿಂಗ್ ಗರಗರ ಅನ್ನುತ್ತದೆ. ಸೀಲು ನೂರಿನ್ನೂರು ರೂಪಾಯಿಯ ಮಾತು. ಗೇರ್ ಬಾಕ್ಸ್ ಬಿಚ್ಚಿಸಿದರೆ ಅದು ಸಾವಿರಗಳ ಮಾತು.

ಹಾಗಾಗಿ ಬಿಡಿಸುವ ಕೆಲಸ ಉಳುಮೆಯ ಭಾಗವೇ. ಎಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿಡಿ. ಪೆಟ್ರೋಲ್ ಕಾಕ್ ಮುಚ್ಚಿ. ಯಂತ್ರವನ್ನು ಹ್ಯಾಂಡಲ್ ಕಡೆಗೆ ಒರಗಿಸಿ, ಕಾರ್ಬುರೇಟರ್ ಮೇಲಿರುವ ಹಾಗೆ ನೋಡಿಕೊಳ್ಳಿ. ಹಬ್ಬಿನ ಪಿನ್ ತೆಗೆದು, ಹಬ್ಬನ್ನು ಪೂರ್ತಿ ಹೊರಕ್ಕೆ ಎಳೆಯಿರಿ. ಹೊರಗಿನಿಂದಲೇ ಕುಡುಗೋಲು ತೂರಿಸಿ ಕೊಯ್ಯುವವರೇ ಜಾಸ್ತಿ, ಆದರೆ ಹಾಗೆ ಕೊಯ್ದರೆ ಮೇಲಿನ ಹುಲ್ಲು ಬರುತ್ತದೆ, ಒಳಗಿನ ದಾರ ಅಲ್ಲೇ ಇರುತ್ತದೆ. ಷಾಫ್ಟ್ ಉದ್ದಕ್ಕೆ ಚಾಕು ಎಳೆದು ಕೊಯ್ಯಿರಿ, ಸೀಲಿನ ಕಡೆಗೆ ಮೊನೆ ತಾಗಬಾರದು. ಷಾಫ್ಟಿಗೆ ಒಂದು ಬೆರಳು ಗ್ರೀಸ್ ಸವರಿ ಹಬ್ ವಾಪಸ್ ಹಾಕಿ. ಇಲ್ಲೊಂದು ಎಡವಟ್ಟು ಕಾದಿರುತ್ತದೆ: ಎಡದ ಹಬ್ ಬಲಕ್ಕೆ, ಬಲದ್ದು ಎಡಕ್ಕೆ ಹೋದರೆ ಬ್ಲೇಡಿನ ಹರಿತ ಹಿಂದಕ್ಕೆ ತಿರುಗುತ್ತದೆ. ಬೆನ್ನಿನ ಕಡೆಯಿಂದ ನೆಲ ಬಡಿಯುತ್ತದೆ, ಉಳುವುದಿಲ್ಲ. ಬಿಚ್ಚುವ ಮೊದಲೇ ಪೇಂಟಿನಲ್ಲಿ ‘ಎ’, ‘ಬ’ ಅಂತ ಬರೆದಿಡಿ.

ಗರಿಕೆ ಇರುವ ಕಡೆ ಇದನ್ನು ಮುಕ್ಕಾಲು ಗಂಟೆಗೊಮ್ಮೆ ಮಾಡಬೇಕು. ಬ್ಯಾಕ್ ರೋಟರಿಗೂ ಸುತ್ತಿಕೊಳ್ಳುತ್ತದೆ, ಇಲ್ಲ ಅನ್ನುವುದಿಲ್ಲ. ವ್ಯತ್ಯಾಸ ಇಷ್ಟೇ: ಅದರಲ್ಲಿ ರೋಟರಿ ಗೇರ್ ಬೇರೆ, ಚಕ್ರದ ಗೇರ್ ಬೇರೆ. ಹೊಲದ ನಡುವೆ ಡ್ರಿಪ್ ಪೈಪು ಸುತ್ತಿಕೊಂಡು ರೋಟರಿ ನಿಂತರೆ, ಅದನ್ನು ನ್ಯೂಟ್ರಲಿಗೆ ಹಾಕಿ, ಯಂತ್ರವನ್ನು ಅದರ ಕಾಲ ಮೇಲೆಯೇ ಬದುವಿಗೆ ನಡೆಸಿಕೊಂಡು ಬಂದು ನೆರಳಲ್ಲಿ ಕೂತು ಬಿಡಿಸಬಹುದು. ಫ್ರಂಟ್ ರೋಟರಿ ಬ್ಲೇಡು ತಿರುಗದೆ ಒಂದಡಿಯೂ ಕದಲದು. ನೂರು ಕಿಲೋ ಹತ್ತಿರದ ಯಂತ್ರವನ್ನು ಉತ್ತ ಮಣ್ಣಿನಲ್ಲಿ ಒಬ್ಬರೇ ಎಳೆಯುವುದು ಅಸಾಧ್ಯ. ಮುಂದಿನ ಪುಟ್ಟ ಚಕ್ರ ಟಾರು ರಸ್ತೆಗೆ ಮಾತ್ರ ಚಂದ. ಒಬ್ಬರೇ ಕೆಲಸ ಮಾಡುವವರಿಗೆ ಈ ಒಂದು ಕಾರಣ ಸಾಕು.

ಎಡೆ ಹೊಡೆಯುವುದರಲ್ಲಿ, ಅಂದರೆ ಬೆಳೆ ಸಾಲುಗಳ ನಡುವೆ ಕಳೆ ತೆಗೆಯುವುದರಲ್ಲಿ, ಮಾತ್ರ ಫ್ರಂಟ್ ರೋಟರಿಯದೇ ಮೇಲುಗೈ. ಹೊರಗಿನ ಬ್ಲೇಡ್ ಜೋಡಿ ಕಳಚಿದರೆ ಒಂದೂಕಾಲು ಅಡಿ ಸಂದಿನಲ್ಲೂ ನುಗ್ಗುತ್ತದೆ. ಬ್ಯಾಕ್ ರೋಟರಿಗೆ ಸಾಲು ಮೂರಡಿ ಇರಬೇಕು. ಹೆಚ್ಚಾಗಿ ಸೊಪ್ಪು, ಈರುಳ್ಳಿ ಬೆಳೆಯುವವರು ಈ ಬರಹದ ಉಳಿದದ್ದನ್ನು ಮರೆತು ಅದನ್ನೇ ಕೊಳ್ಳಲಿ.

ಬ್ಯಾಕ್ ರೋಟರಿಯ ಅಪಾಯ ಒಂದೇ, ಆದರೆ ಅದು ಕಾಲು ತೆಗೆಯುವಂಥದು. ರಿವರ್ಸ್ ಹಾಕಿದಾಗ ತಿರುಗುವ ಬ್ಲೇಡು ನಿಮ್ಮ ಕಡೆಗೇ ಬರುತ್ತದೆ. ಮೊದಲು ರೋಟರಿ ನ್ಯೂಟ್ರಲ್, ಆಮೇಲೆ ರಿವರ್ಸ್. ಎರಡೂ ಗೇರ್ ಒಟ್ಟಿಗೆ ಬೀಳದಂತೆ ತಡೆ ಇರುವ ಮಾಡೆಲ್ಲೇ ಕೇಳಿ. ಹ್ಯಾಂಡಲಿನ ಕ್ಲಚ್ ಲಿವರ್ ಬಿಟ್ಟ ತಕ್ಷಣ ಯಂತ್ರ ನಿಲ್ಲಬೇಕು. ಕೈ ನೋಯುತ್ತದೆ ಅಂತ ಆ ಲಿವರಿಗೆ ಸೈಕಲ್ ಟ್ಯೂಬು ಸುತ್ತಿ ಕಟ್ಟಿ ಉಳುವುದನ್ನು ಊರೂರಲ್ಲೂ ನೋಡಬಹುದು. ಬದುವಿನ ಮೂಲೆಯಲ್ಲಿ ಹಿಂದೆ ಜಾಗವಿಲ್ಲದೆ ಎಡವಿದರೆ ಆ ಟ್ಯೂಬು ಬಿಚ್ಚಲು ಪುರುಸೊತ್ತು ಇರುವುದಿಲ್ಲ.

ಪೆಟ್ರೋಲೋ ಡೀಸೆಲ್ಲೋ? ಲೆಕ್ಕ ಹಾಕಿ. ಉತ್ತ ಸಾಲಿನ ಮೇಲೆ ಪಕ್ಕದ ಸಾಲು ಸ್ವಲ್ಪ ಬಿದ್ದರೆ ಸಿಗುವ ಅಗಲ ಎರಡಡಿ. 66 ಅಡಿಗೆ 33 ಸಾಲು, ಸಾಲಿಗೆ 330 ಅಡಿ, ಅಂದರೆ ಒಂದು ಸುತ್ತಿಗೆ ಸುಮಾರು 3.3 ಕಿಲೋಮೀಟರ್ ನಡಿಗೆ. ಎರಡು ಸುತ್ತಿಗೆ ಆರೂವರೆಗೂ ಮೇಲೆ. ತಿರುವು, ಬಿಡಿಸುವುದು, ನೀರು ಕುಡಿಯುವುದು ಎಲ್ಲ ಸೇರಿ ಒಂದು ದಿನದ ಕೆಲಸ. ವರ್ಷಕ್ಕೆ ಮೂರು ಬೆಳೆ ಅಂದರೂ ಯಂತ್ರ ಓಡುವುದು 40 ಗಂಟೆ ಆಸುಪಾಸು. ಡೀಸೆಲ್ಲಿಗೆ ಹೋದರೆ ಗಂಟೆಗೆ ಕಾಲು ಲೀಟರ್ ಉಳಿದರೂ ವರ್ಷಕ್ಕೆ ಹತ್ತು ಲೀಟರ್. ಇದಕ್ಕಾಗಿ ಹೆಚ್ಚಿನ ತೂಕ, ನಡುಕ, ಬೆಳಗಿನ ಚಳಿಯಲ್ಲಿ ಹಗ್ಗ ಎಳೆದೆಳೆದು ಸುಸ್ತಾಗುವುದು ಯಾಕೆ? ಎರಡು ಎಕರೆಗೆ ಮೇಲಿದ್ದರೆ ಡೀಸೆಲ್ಲೇ ಸರಿ.

ಪೆಟ್ರೋಲ್ ಎಂಜಿನ್ನಿನ ಶತ್ರು ಧೂಳು ಮತ್ತು ಸುಮ್ಮನೆ ನಿಲ್ಲುವುದು. ಆಯಿಲ್ ಬಾತ್ ಏರ್ ಫಿಲ್ಟರ್ ಇದ್ದರೆ ಪ್ರತಿ ಉಳುಮೆಗೂ ತಳದ ಎಣ್ಣೆ ಚೆಲ್ಲಿ, ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಸ್ಪಂಜು ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕಿ. ಎಂಜಿನ್ ಆಯಿಲ್ ಮೊದಲ ಸಲ 20 ಗಂಟೆಗೆ ಬದಲಿಸಬೇಕು. ಈ ಅಳತೆಯ ಎಂಜಿನ್ನಿಗೆ ಹಿಡಿಯುವುದು ಸುಮಾರು 600 ಮಿಲಿ. ಲೀಟರ್ ಡಬ್ಬ ಪೂರ್ತಿ ಸುರಿದರೆ ಬಿಳಿ ಹೊಗೆ ಕಾರುತ್ತದೆ. ಬೆಳೆ ಕೂತ ಮೇಲೆ ಎರಡು ತಿಂಗಳು ನಿಲ್ಲಿಸುವುದಾದರೆ, ಕಾಕ್ ಮುಚ್ಚಿ ಎಂಜಿನ್ ತಾನಾಗಿ ಆರುವ ತನಕ ಓಡಿಸಿ. ಈಗಿನ ಎಥನಾಲ್ ಬೆರೆತ ಪೆಟ್ರೋಲು ಕಾರ್ಬುರೇಟರ್ ಬಟ್ಟಲಲ್ಲಿ ಉಳಿದರೆ ನೀರು ಹೀರಿ ಜೆಟ್, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತು, ಕಟ್ಟುತ್ತದೆ. ಮಳೆ ಬಿದ್ದ ದಿನವೇ ಸ್ಟಾರ್ಟ್ ಆಗುವುದಿಲ್ಲ.

ಬಾಡಿಗೆ ಮಿನಿ ಟ್ರ್ಯಾಕ್ಟರ್ ಇದೇ 20 ಗುಂಟೆಯನ್ನು ಒಂದು ಗಂಟೆ ಆಚೀಚೆಗೆ ಮುಗಿಸುತ್ತದೆ, ಆಳವೂ ಚೆನ್ನಾಗಿ ಸಿಗುತ್ತದೆ. ಆದರೆ ಹದ ಬಂದ ದಿನ ಊರಿಗೆಲ್ಲ ಅದೇ ಬೇಕು. ಸರದಿ ಬರುವಷ್ಟರಲ್ಲಿ ನೆಲ ಒಣಗಿರುತ್ತದೆ. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಸಿಗುವುದುಂಟು, ಅಲ್ಲೂ ಮುಂಗಾರಿನಲ್ಲಿ ಕ್ಯೂ. ಬಂದಾಗ ಎರಡು ಮಾತು ಮೊದಲೇ ಹೇಳಿ: ಲೋ ಗೇರಿನಲ್ಲಿ ಹೋಗಬೇಕು, ರೋಟವೇಟರಿನ (ಟ್ರ್ಯಾಕ್ಟರ್ ಹಿಂದೆ ಕಟ್ಟುವ ರೋಟರಿ) ಹಿಂದಿನ ಹಲಗೆ ಇಳಿಸಿರಬೇಕು. ಗಂಟೆ ಲೆಕ್ಕಕ್ಕೆ ಬಂದವರು ಬೇಗ ಮುಗಿಸಲಾರರು, ಎಕರೆ ಲೆಕ್ಕಕ್ಕೆ ಬಂದವರು ನಿಧಾನಕ್ಕೆ ಹೋಗಲಾರರು. ಹಲಗೆ ಎತ್ತಿ ಜೋರಾಗಿ ಹೊಡೆದರೆ ಮುಷ್ಟಿ ಗಾತ್ರದ ಹೆಂಟೆ ಹಾಗೇ ಉಳಿಯುತ್ತದೆ. ಮೂಲೆಗಳು, ಬದುವಿನ ಪಕ್ಕದ ಎರಡಡಿ ಗುದ್ದಲಿಗೇ.

ಪವರ್ ಟಿಲ್ಲರ್ ಗದ್ದೆಯ ಯಂತ್ರ. 12-13 ಎಚ್‌ಪಿಯದನ್ನು ಮೂಲೆ ತಿರುಗಿಸಲು ಮೈಯಲ್ಲಿ ಕಸುವು ಬೇಕು. ಇಳಿಜಾರು ಇಳಿಯುವಾಗ ಸ್ಟೀರಿಂಗ್ ಕ್ಲಚ್ ಉಲ್ಟಾ ಆಗುತ್ತದೆ, ಎಡದ್ದು ಹಿಡಿದರೆ ಬಲಕ್ಕೆ ಹೋಗುತ್ತದೆ, ಮಲೆನಾಡಿನವರಿಗೆ ಇದು ಗೊತ್ತಿದ್ದದ್ದೇ. ಎತ್ತು ಸಿಕ್ಕರೆ ವರ್ಷಕ್ಕೊಂದು ಸಲ ನೇಗಿಲು ಹೊಡೆಸಿ, ಬೇರೇನಕ್ಕೆ ಅಲ್ಲದಿದ್ದರೂ ರೋಟರಿ ಮಾಡುವ ಹಾನಿಗೆ ಮದ್ದಾಗಿ: ಪ್ರತಿ ಸಲ ಅದೇ ನಾಲ್ಕಿಂಚು ಉತ್ತರೆ ಅದರ ಕೆಳಗೆ ನೆಲ ತಟ್ಟೆಯ ಹಾಗೆ ಗಟ್ಟಿಯಾಗಿ, ಜೋರು ಮಳೆಗೆ ಟೊಮೆಟೊ ಬುಡದಲ್ಲಿ ನೀರು ನಿಲ್ಲುತ್ತದೆ.

ಅಮೆರಿಕದಲ್ಲಿ ಎಟಿವಿಗೋ (ದಪ್ಪ ಚಕ್ರದ, ಬೈಕಿನಂಥ ಗಾಡಿ) ಹುಲ್ಲು ಕತ್ತರಿಸುವ ಲಾನ್ ಟ್ರ್ಯಾಕ್ಟರಿಗೋ ಪುಟ್ಟ ಡಿಸ್ಕ್ ಕಟ್ಟಿ ಜಿಂಕೆ ಮೇವಿನ ತಾಕು ಉಳುವ ವಿಡಿಯೊ ನೋಡಿ, ಇಲ್ಲೂ ಅಂಥದ್ದು ಸಿಗುತ್ತದಾ ಅಂತ ಕೇಳುವವರಿದ್ದಾರೆ. ಅಲ್ಲೂ ಆ ಡಿಸ್ಕಿನ ಮೇಲೆ ಕಾಂಕ್ರೀಟ್ ಇಟ್ಟಿಗೆ ಹೇರಿ ಏಳೆಂಟು ಸುತ್ತು ಎಳೆದರೇನೇ ನೆಲ ಬಿಡುವುದು. ಲಾನ್ ಟ್ರ್ಯಾಕ್ಟರಿನ ಹೈಡ್ರೋಸ್ಟಾಟಿಕ್ (ಎಣ್ಣೆಯ ಒತ್ತಡದಲ್ಲಿ ಓಡುವ) ಗೇರು ಇಂಥ ಎಳೆತಕ್ಕೆ ಮಾಡಿದ್ದಲ್ಲ, ಬಿಸಿಯಾಗಿ ಸೋಲುತ್ತದೆ. ನಮ್ಮ ಬೇಸಗೆಯ ಕೆಂಪು ನೆಲಕ್ಕೆ ಅದನ್ನು ತರುವ ಮಾತೇ ಬೇಡ.

ಗರಿಕೆ, ಜೇಕು ಇರುವ ತಾಕಿಗೆ ಯಾವ ರೋಟರಿಯನ್ನೂ ನೇರ ಇಳಿಸಬೇಡಿ. ಒಂದು ಬಳ್ಳಿ ಹತ್ತು ತುಂಡಾಗಿ, ಪ್ರತಿ ಗಿಣ್ಣೂ ಚಿಗುರುತ್ತದೆ. ಬೇಸಗೆಯಲ್ಲಿ ನೇಗಿಲು ಹೊಡೆಸಿ, ಬೇರು ಆರಿಸಿ ಬದುವಿಗೆ ಹಾಕಿ ಒಣಗಿಸಿ, ಆಮೇಲೆ ರೋಟರಿ.

ದುಡ್ಡಿನ ವಿಷಯ: ಬ್ಯಾಕ್ ರೋಟರಿಗೆ ಒಂದು ಲಕ್ಷದ ಆಸುಪಾಸು ಕೈಯಲ್ಲಿ ಇರಬೇಕು. ಅಷ್ಟಿಲ್ಲದಿದ್ದರೆ ಮೊದಲ ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್, ಎಡೆಗೆ ಸೆಕೆಂಡ್ ಹ್ಯಾಂಡ್ ಫ್ರಂಟ್ ರೋಟರಿ ಅಂತ ಹೊಂದಿಸಬಹುದು. ಸಬ್ಸಿಡಿಗೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಪಟ್ಟಿಯಲ್ಲಿರುವ ಮಾಡೆಲ್ ಯಾವುದು ಅಂತ ಕೇಳಿಕೊಂಡ ಮೇಲೆ ಅಂಗಡಿಗೆ ಹೋಗಿ. ಸೆಕೆಂಡ್ ಹ್ಯಾಂಡ್ ನೋಡುವಾಗ ಎಂಜಿನ್ ಸದ್ದಿಗಿಂತ ಮೊದಲು ಹಬ್ ಕಳಚಿಸಿ ಷಾಫ್ಟ್ ನೋಡಿ. ಸೀಲಿನ ಸುತ್ತ ಒದ್ದೆ ಜಿಡ್ಡು ಇದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಹೊಸದಾದರೆ ಬಿಲ್ ಹಾಕಿಸುವಾಗಲೇ ಎರಡು ಆಯಿಲ್ ಸೀಲು, ನಾಲ್ಕು ಹಬ್ ಪಿನ್ನು, ಒಂದು ಕ್ಲಚ್ ಕೇಬಲ್ ಸೇರಿಸಿಕೊಳ್ಳಿ. ಸೀಲಿನ ಮೇಲೆ ಅಚ್ಚಾಗಿರುವ ನಂಬರಿನ ಫೋಟೊ ಮೊಬೈಲಿನಲ್ಲಿರಲಿ. ಅದು ಹೋಗುವುದು ಭಾನುವಾರವೇ.