ಸಂತೆಯಲ್ಲಿ ರಾಣಿ ಛಾಪಿನ ರೂಪಾಯಿ ಕೊಳ್ಳುವ ಮೊದಲು ಇದನ್ನು ಓದಿ

ಹೋದ ವರ್ಷ ವಿಜಯಪುರದ ಸಂತೆಯಲ್ಲಿ ನಾನು ರಾಣಿ ಛಾಪಿನ, ಅಂದರೆ ವಿಕ್ಟೋರಿಯಾ ರಾಣಿಯ ಮುಖ ಇರುವ ಬ್ರಿಟಿಷರ ಕಾಲದ, 20 ಬೆಳ್ಳಿ ರೂಪಾಯಿ ಕೊಂಡೆ. ಅದರಲ್ಲಿ ಒಂದೂ ಬೆಳ್ಳಿಯದಲ್ಲ. ಜೊತೆಗೆ 1939ನೇ ಇಸವಿಯದು ಅಂತ ಇನ್ನೊಂದು ರೂಪಾಯಿ ತಗೊಂಡೆ. ಅದು ಬೆಳ್ಳಿಯೇ, ಆದರೆ ಅದರ ಮೇಲಿನ ಇಸವಿ ಸುಳ್ಳು. ಒಟ್ಟು 34,000 ರೂಪಾಯಿ ಹೋಯಿತು. ಇಂಡಿ ಕಡೆ ನಮ್ಮದು ಸ್ವಲ್ಪ ನಿಂಬೆ ತೋಟ ಇದೆ. ಆ ಸಲದ ನಿಂಬೆಯ ದುಡ್ಡು ಪೂರ್ತಿ ಅದಕ್ಕೇ ಹಾಕಿದ್ದೆ.

ಇಷ್ಟು ದಿನ ಬರೆಯಬೇಕೋ ಬೇಡವೋ ಅಂತ ಸುಮ್ನೆ ಇದ್ದೆ. ಆದರೆ ಈಗ ಬೆಳ್ಳಿ ಬೆಲೆ ಏರಿದೆ. ಸಂತೆಯಲ್ಲಿ ರಾಣಿ ಛಾಪು ಕೇಳಿಕೊಂಡು ಬರುವವರು ಜಾಸ್ತಿ ಆಗಿದ್ದಾರೆ, ಅದರಲ್ಲಿ ಹುಡುಗರೂ ಇದ್ದಾರೆ. ನನಗೆ ಆದದ್ದು ಅವರಿಗೆ ಆಗಬಾರದು.

ನಾನು ಪ್ರಾಥಮಿಕ ಶಾಲೆ ಮಾಸ್ತರ. ನಾಣ್ಯ ಹುಡುಕಲು ಶುರು ಮಾಡಿದ್ದೇ ಪಾಠಕ್ಕೋಸ್ಕರ. ನಮ್ಮ ಮಕ್ಕಳು ಗೋಳಗುಮ್ಮಟದ ನೆರಳಲ್ಲೇ ಬೆಳೆಯುತ್ತಾರೆ. ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ, ಅಲ್ಲಿಗೂ ಕರೆದುಕೊಂಡು ಹೋಗಿದ್ದೇನೆ. ಆದರೆ ಗಾಜಿನ ಆಚೆ ಇರುವುದನ್ನು ನೋಡುವುದು ಬೇರೆ, ಅಂಗೈ ಮೇಲೆ ಇಟ್ಟುಕೊಳ್ಳುವುದು ಬೇರೆ. ಆದಿಲಶಾಹಿ ಕಾಲದ ಸವೆದ ತಾಮ್ರದ ದುಡ್ಡೊಂದನ್ನು ಮೊದಲ ಸಲ ಏಳನೇ ತರಗತಿಗೆ ಒಯ್ದಾಗ ಇಡೀ ಕ್ಲಾಸು ಗಪ್ಪಾಯಿತು. 1686ರಲ್ಲಿ ಔರಂಗಜೇಬ ಈ ಊರು ಗೆದ್ದ ಅಂತ ನಾನು ಬೋರ್ಡಿನ ಮೇಲೆ ಹತ್ತು ಸಲ ಬರೆದಿದ್ದೇನೆ. ಅದು ಮಕ್ಕಳ ಮನಸ್ಸಿಗೆ ಇಳಿದಿದ್ದು ಅವತ್ತು. 'ಸರ್, ಈ ದುಡ್ಡು ಅವಾಗಿಂದs ಇಲ್ಲೇ ಐತೇನ್ರಿ?' ಅಂತ ಒಬ್ಬ ಕೇಳಿದ್ದ.

ಸಂತೆಯ ಒಂದು ಮೂಲೆಯಲ್ಲಿ ಹಳೇ ಸಾಮಾನು ಹಾಸಿಕೊಂಡು ಕೂರುವವರಿದ್ದಾರೆ. ತೂತು ಬಿದ್ದ ತಂಬಿಗೆ, ಹಿತ್ತಾಳೆ ಕೀಲಿ, ನಿಂತ ಗಡಿಯಾರ, ಅದರ ನಡುವೆ ಒಂದು ಡಬ್ಬಿ ತುಂಬ ಚಿಲ್ಲರೆ. ನನಗೆ ಅಲ್ಲಿ ಒಳ್ಳೊಳ್ಳೆಯವು ಸಿಕ್ಕಿವೆ. ಶಿವರಾಯಿ ದುಡ್ಡು (ಮರಾಠರ ಕಾಲದ ತಾಮ್ರದ ನಾಣ್ಯ), 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದ ತೂತಿನ ದುಡ್ಡು, ಕಮಲದ ಚಿತ್ರದ ಹಳದಿ 20 ಪೈಸೆ. ಎಲ್ಲ ಹತ್ತು, ಐವತ್ತು, ನೂರು ರೂಪಾಯಿಯ ಒಳಗೆ. ಅಲ್ಲಿ ಕೂರುವವರೆಲ್ಲ ಮೋಸಗಾರರಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವವರೇ ಹೆಚ್ಚು.

ಸಿದ್ಧೇಶ್ವರ ಜಾತ್ರೆ ಮುಗಿದು ಕೆಲವು ವಾರಕ್ಕೆ ಒಬ್ಬ ಹೊಸ ಮನುಷ್ಯ ಅಲ್ಲಿ ಕೂರತೊಡಗಿದ. ವಯಸ್ಸಾದವನು, ಧೋತರ, ಹೆಗಲ ಮೇಲೆ ಟವೆಲ್. ಜೊತೆಗೆ ಒಬ್ಬ ಹೆಂಗಸು. ಮೊದಲ ವಾರ ಅವನ ಹತ್ತಿರ ನಾಲ್ಕು ಶಿವರಾಯಿ ತಗೊಂಡೆ. ಅಸಲಿಯೇ. ದರವೂ ಕಡಿಮೆ. ಎರಡನೇ ವಾರ ಅವನೇ ಮಾತಾಡಿಸಿದ.

'ನೀವು ಸಾಲಿ ಮಾಸ್ತರ ಅಲ್ರೀ ಸರ? ಈ ಎರಡು ತೂತಿನ ದುಡ್ಡು ಹಂಗ ಒಯ್ರಿ. ಹುಡುಗರಿಗೆ ತೋರಸ್ರಿ.'

ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಆ ಎರಡು ಪುಕ್ಕಟೆ ದುಡ್ಡಿನಿಂದಲೇ ನಾನು ಅವನನ್ನು ನಂಬಿದೆ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ನಾವು ಸಾಮಾನ್ಯವಾಗಿ ಮೋಸ ಅಂದರೆ ಮೊದಲ ಭೇಟಿಯಲ್ಲೇ ಆಗುತ್ತದೆ ಅಂದುಕೊಂಡಿರುತ್ತೇವೆ. ಇವನು ಐದು ವಾರ ಕಾದ. ಐದೂ ವಾರ ಅಸಲಿ ಮಾಲೇ ಕೊಟ್ಟ.

ಆರನೇ ವಾರ ಟವೆಲ್ ಮರೆಯಲ್ಲಿ ಒಂದು ರೂಪಾಯಿ ತೋರಿಸಿದ. ವಿಕ್ಟೋರಿಯಾ ರಾಣಿ, 1862. 'ಮನಿ ಗ್ವಾಡಿ ಕೆಡವಿದಾಗ ಒಂದು ಗಡಿಗಿ ಸಿಕ್ಕೈತ್ರಿ. ಇಪ್ಪತ್ತು ಅದಾವು. ಯಾರ ಮುಂದೂ ಅನ್ನಬ್ಯಾಡ್ರಿ ಸರ, ಸರ್ಕಾರದವರು ಬಂದು ಒಯ್ತಾರ.'

ನಾನು ಅಲ್ಲೇ ಎದ್ದು ಬರಬೇಕಿತ್ತು. ನೆಲದಲ್ಲಿ, ಗೋಡೆಯಲ್ಲಿ ನಿಧಿ ಸಿಕ್ಕರೆ ಅದನ್ನು ಸರ್ಕಾರಕ್ಕೆ ತಿಳಿಸಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೆ 1962ರಿಂದಲೇ ಕಾಯ್ದೆ ಇದೆ. ಆದರೆ ಆ ಗಡಿಗೆಯ ಕಥೆಗೆ ಇನ್ನೊಂದು ಕೆಲಸವೂ ಇದೆ ಅಂತ ನನಗೆ ಹೊಳೆದಿದ್ದು ಎಲ್ಲ ಮುಗಿದ ಮೇಲೆ. 'ಯಾರ ಮುಂದೂ ಅನ್ನಬೇಡಿ' ಅನ್ನುವ ಮಾತಿಗೆ ನೀವು ತಲೆ ಅಲ್ಲಾಡಿಸಿದಿರಿ ಅಂದರೆ, ನಾಳೆ ಮೋಸ ಆದಾಗಲೂ ಬಾಯಿ ಬಿಡುವುದಿಲ್ಲ. ಪೊಲೀಸರ ಹತ್ತಿರ ಹೋಗಿ ಏನಂತ ಹೇಳುತ್ತೀರಿ? ನಿಧಿಯ ಮಾಲು ಕದ್ದುಮುಚ್ಚಿ ಕೊಳ್ಳಲು ಹೋಗಿದ್ದೆ ಅಂತಲೇ? ಗಡಿಗೆ ಎಲ್ಲೂ ಇರಲಿಲ್ಲ. ಕಥೆ ಇದ್ದದ್ದು ನನ್ನ ಬಾಯಿ ಕಟ್ಟಲು.

ನನ್ನ ಮುಖದಲ್ಲಿ ಅನುಮಾನ ಕಂಡಿರಬೇಕು. ಅವನೇ ಹೇಳಿದ: 'ನನ್ನ ಮಾತು ನಂಬಬ್ಯಾಡ್ರಿ. ಇದೊಂದು ಒಯ್ದು ಪತ್ತಾರರ ಕಡೆ ತೋರಿಸ್ಕೊಂಡ ಬರ್ರಿ.'

ಒಯ್ದೆ. ಪತ್ತಾರರು, ಅಂದರೆ ಚಿನ್ನ ಬೆಳ್ಳಿ ಕೆಲಸದವರು, ಒರೆಗಲ್ಲಿಗೆ ತಿಕ್ಕಿದರು, ಆಸಿಡ್ ಹನಿ ಬಿಟ್ಟರು, ತೂಕ ಮಾಡಿದರು. 'ಖರೆ ಬೆಳ್ಳಿ ಐತ್ರಿ ಮಾಸ್ತರ' ಅಂದರು. ಮನೆಗೆ ಬಂದು ಮೊಬೈಲಿನಲ್ಲಿ ಅದರ ಫೋಟೊ ಹೊಡೆದುಕೊಂಡೆ.

ಮುಂದಿನ ವಾರ ಸಂಜೆ ಹೊತ್ತು, ಸಂತೆ ಕೀಳುವ ಗದ್ದಲ. ಅವನು ಆ ರೂಪಾಯಿ ವಾಪಸ್ ಇಸಕೊಂಡು ಬಟ್ಟೆಯ ಗಂಟಿಗೆ ಹಾಕಿದ. ಗಂಟು ಬಿಚ್ಚಿ ಎಣಿಸಿದೆ, ಇಪ್ಪತ್ತು. ನಡುವೆ ಅವನು ಎರಡು ಸಲ ಗಂಟು ಕಟ್ಟಿ ಬಿಚ್ಚಿದ. ಹೆಂಗಸು 'ಲಗೂನ ಕೊಟ್ಟ ಬರ್ರಿ, ಬಸ್ ಹೋಗ್ತೈತಿ' ಅಂತ ಅವಸರ ಮಾಡುತ್ತಿದ್ದಳು. ಒಂದಕ್ಕೆ 1,400ರಂತೆ 28,000 ಕೊಟ್ಟೆ. ಆಮೇಲೆ ಕಿಸೆಯಿಂದ 1939ರ ರೂಪಾಯಿ ತೆಗೆದ. ನಾಣ್ಯ ಕೂಡಿಡುವವರಿಗೆ ಗೊತ್ತು, ಆರನೇ ಜಾರ್ಜ್‌ನ 1939ರ ರೂಪಾಯಿ ಸಿಗುವುದೇ ಕಷ್ಟ. ಮರುವರ್ಷದಿಂದ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 6,000 ಕೇಳಿದ. ಕೈ ನಡುಗುತ್ತಿತ್ತು ನನಗೆ, ಸಂತೋಷಕ್ಕೆ. ಕೊಟ್ಟುಬಿಟ್ಟೆ.

ಇಪ್ಪತ್ತರ ಮೇಲೂ 1862 ಅಂತಲೇ ಇತ್ತು. ಗೊತ್ತಿಲ್ಲದವರಿಗೆ ಅಲ್ಲೇ ಅನುಮಾನ ಬರುತ್ತಿತ್ತು. ನನಗೆ ಬರಲಿಲ್ಲ, ಯಾಕೆಂದರೆ ನಾನು ಓದಿಕೊಂಡಿದ್ದೆ. ಆ ಕಾಲದಲ್ಲಿ 1862 ಅನ್ನುವ ಇಸವಿಯನ್ನೇ ಹತ್ತು ಹನ್ನೆರಡು ವರ್ಷ ಬದಲಿಸದೆ ಟಂಕಿಸುತ್ತಿದ್ದರು. 1874ರ ಹೊತ್ತಿಗೆ ಬೇರೆ ಇಸವಿ ಬರತೊಡಗಿತು. ಹಾಗಾಗಿ ಒಂದೇ ಇಸವಿಯವು ಗುಂಪಾಗಿ ಸಿಗುವುದು ಸಹಜ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮರುದಿನ ಶಾಲೆಗೆ ಒಯ್ದೆ. ಮಕ್ಕಳ ಕೈಗೆ ಒಂದೊಂದು ಕೊಟ್ಟೆ. ಇದು ಬೆಳ್ಳಿ, ನಿಮ್ಮ ಅಜ್ಜನ ಅಜ್ಜ ಇದನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡು ಸಂತೆಗೆ ಹೋಗುತ್ತಿದ್ದ ಅಂತೆಲ್ಲ ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ತನ್ನದು, ಪಕ್ಕದವಳದು, ಮುಂದಿನವಳದು ಮೂರೂ ಜೋಡಿಸಿಕೊಂಡು ನೋಡುತ್ತಿದ್ದಳು.

'ಸರ್, ಈ ರಾಣಿ ಗಲ್ಲದ ಮ್ಯಾಲೆ ಗೀರ ಐತ್ರಿ. ಇದಕ್ಕೂ ಐತಿ. ಇದಕ್ಕೂ ಐತಿ.'

ನಾನು ಎಲ್ಲವನ್ನೂ ಇಸಕೊಂಡು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಇಪ್ಪತ್ತು ರಾಣಿಯರ ಗಲ್ಲದ ಮೇಲೂ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ, ಅಷ್ಟೇ ಉದ್ದದ ಗೀರು. ನೂರೈವತ್ತು ವರ್ಷ ಬೇರೆ ಬೇರೆ ಕೈಗಳಲ್ಲಿ ಓಡಾಡಿದ ನಾಣ್ಯಗಳಿಗೆ ಒಂದೇ ಗಾಯ ಹೇಗಾಗುತ್ತದೆ? ಮೊಬೈಲ್ ತೆಗೆದು ಫೋಟೊ ನೋಡಿದೆ. ಪತ್ತಾರರು ಪಾಸು ಮಾಡಿದ ಆ ಅಸಲಿ ರೂಪಾಯಿಯ ಗಲ್ಲದ ಮೇಲೂ ಅದೇ ಗೀರು. ಅದು ತಾಯಿ. ಅದನ್ನೇ ಅಚ್ಚಿಗೆ ಒತ್ತಿ ಉಳಿದವನ್ನು ಎರಕ ಹೊಯ್ದಿದ್ದರು. ನನಗೆ ತಾಯಿಯನ್ನು ತೋರಿಸಿ ಮರಿಗಳನ್ನು ಕೊಟ್ಟಿದ್ದರು. ಗಂಟು ಕಟ್ಟಿ ಬಿಚ್ಚುವಾಗ ತಾಯಿ ಅವನ ಕಡೆಗೇ ಉಳಿದಿತ್ತು.

ಪತ್ತಾರರ ಹತ್ತಿರ ಮತ್ತೆ ಹೋದೆ. ಮೇಲೆ ಬೆಳ್ಳಿಯ ತೆಳು ಲೇಪ, ಒಳಗೆ ಜರ್ಮನ್ ಸಿಲ್ವರ್. ಹೆಸರಲ್ಲಿ ಸಿಲ್ವರ್ ಇದ್ದರೂ ಅದರಲ್ಲಿ ಬೆಳ್ಳಿ ಇರುವುದಿಲ್ಲ. ತಾಮ್ರ, ನಿಕಲ್, ಸತುವಿನ ಮಿಶ್ರಣ ಅದು. 1939ರ ರೂಪಾಯಿಯನ್ನು ಅವರ ಲೆನ್ಸ್ ಕೆಳಗೆ ಇಟ್ಟರು. ಅದು ಸಾದಾ 1938ರದ್ದು. ಕೊನೆಯ 8ರ ಕೆಳಗಿನ ಸುತ್ತಿನ ಎಡಭಾಗ ಕೆರೆದು 9 ಮಾಡಿದ್ದರು. ಕೆರೆದ ಜಾಗ ಸುತ್ತಲಿನದಕ್ಕಿಂತ ಬೇರೆಯಾಗಿ ಹೊಳೆಯುತ್ತಿತ್ತು. ಒರೆಗಲ್ಲು ಲೋಹ ಹೇಳುತ್ತದೆ, ಇಸವಿ ಹೇಳುವುದಿಲ್ಲ.

ಈಗ ನನ್ನ ಚೀಲದಲ್ಲಿ ಯಾವಾಗಲೂ ಒಂದು ಸಣ್ಣ ಡಿಜಿಟಲ್ ತಕ್ಕಡಿ ಇರುತ್ತದೆ. ಕಂಪನಿಯವರ 1835ರ ರೂಪಾಯಿಯಿಂದ 1939ರವರೆಗೆ ಒಂದು ರೂಪಾಯಿಯ ತೂಕ 11.66 ಗ್ರಾಂ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಸವೆದಿದ್ದರೆ ಸ್ವಲ್ಪ ಕಡಿಮೆ ತೂಗುತ್ತದೆ. ನನ್ನ ಇಪ್ಪತ್ತು ರೂಪಾಯಿ 9.7, 9.8, 9.9 ಹೀಗೆ ತೂಗಿದವು. ನೋಡಲು ಅಷ್ಟೇ ಅಗಲ, ಅಷ್ಟೇ ದಪ್ಪ. ಸಂತೆಯಲ್ಲೇ ಇಪ್ಪತ್ತನ್ನೂ ಒಂದೊಂದಾಗಿ ತೂಗಿದ್ದರೆ ಹತ್ತು ನಿಮಿಷದ ಕೆಲಸ.

ದಪ್ಪ ಜಾಸ್ತಿ ಮಾಡಿ ತೂಕ ಸರಿ ಮಾಡಿರುವ ನಕಲಿಗಳೂ ಇರುತ್ತವೆ. ಅದಕ್ಕೆ ನೀರು ಬೇಕು. ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರಕ್ಕೆ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೂ ಪಕ್ಕಕ್ಕೂ ತಾಗಬಾರದು, ಕೈಯಲ್ಲಿ ತೂಗಾಡಬೇಕು. ಅಸಲಿ ರೂಪಾಯಿಯಾದರೆ ತಕ್ಕಡಿ 1.13 ಗ್ರಾಂ ಆಸುಪಾಸು ತೋರಿಸುತ್ತದೆ. ಅಷ್ಟೇ ತೂಕದ ಜರ್ಮನ್ ಸಿಲ್ವರ್ ಆದರೆ 1.3 ದಾಟುತ್ತದೆ. ಬೆಳ್ಳಿ ಭಾರದ ಲೋಹ, ಅದೇ ತೂಕಕ್ಕೆ ಕಡಿಮೆ ಜಾಗ ಸಾಕು. ಇದನ್ನು ನಾವು ವಿಜ್ಞಾನದ ಪೀರಿಯಡ್‌ನಲ್ಲಿ ಮಕ್ಕಳ ಜೊತೆ ಮಾಡಿ ನೋಡಿದ್ದೇವೆ.

ಅಂಚನ್ನೂ ತಿರುಗಿಸಿ ನೋಡಿ. ಎರಕದ್ದಕ್ಕೆ ಎರಡು ಅಚ್ಚು ಕೂಡಿದ ಕಡೆ ತೆಳ್ಳಗೆ ಒಂದು ಗೆರೆ ಉಳಿದಿರುತ್ತದೆ, ಇಲ್ಲವೇ ಅದನ್ನು ಅರದಿಂದ ತಿಕ್ಕಿದ ಗುರುತು ಇರುತ್ತದೆ. ಅಕ್ಷರಗಳು ಸವೆದ ಸಾಬೂನಿನ ಮೇಲಿನ ಅಕ್ಷರದ ಹಾಗೆ ಮೊಂಡಾಗಿರುತ್ತವೆ. ಸೂಜಿಮೊನೆಯಷ್ಟು ಸಣ್ಣ ತೂತುಗಳೂ ಕಾಣಬಹುದು. ಅಯಸ್ಕಾಂತ ಹಿಡಿದು 'ಅಂಟಲಿಲ್ಲ ನೋಡ್ರಿ, ಬೆಳ್ಳಿ' ಅನ್ನುವವರನ್ನು ನಂಬಬೇಡಿ. ಹಿತ್ತಾಳೆಯೂ ಅಂಟುವುದಿಲ್ಲ, ಜರ್ಮನ್ ಸಿಲ್ವರೂ ಅಂಟುವುದಿಲ್ಲ.

ಅದೇ ಮೂಲೆಯಲ್ಲಿ ಮಾರುವ ಇನ್ನೊಂದು ಮಾಲಿನ ಬಗ್ಗೆಯೂ ಹೇಳಬೇಕು. ಒಂದು ಕಡೆ ಹನುಮಂತ ಅಥವಾ ರಾಮ ಸೀತೆ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಕಂಪನಿ ಇಂಥ ನಾಣ್ಯ ಹೊರಡಿಸಿಯೇ ಇಲ್ಲ. ಇವು ಆಮೇಲೆ ಯಾರೋ ಮಾಡಿದ ಬಿಲ್ಲೆಗಳು. ಅಕ್ಕಿ ಕಾಳನ್ನು ಎಳೆಯುತ್ತದೆ, ಮನೆಗೆ ಲಕ್ಷ್ಮಿ ಬರುತ್ತಾಳೆ ಅಂತ ಹೇಳಿ ಮಾರುತ್ತಾರೆ. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ 500 ರೂಪಾಯಿ ಕೊಡುವುದನ್ನು ನಾನೇ ನೋಡಿದೆ. 'ಬ್ಯಾಡ ಆಯಿ' ಅಂದೆ. ಮಾರುವವನು ನನ್ನ ಮೇಲೆ ಎಗರಿದ. ಅಜ್ಜಿ ದೇವರ ಚಿತ್ರವನ್ನು ಕಣ್ಣಿಗೆ ಒತ್ತಿಕೊಂಡು ಹೋದಳು. ಇವತ್ತಿಗೂ ಅದು ಮನಸ್ಸಿನಲ್ಲಿ ಚುಚ್ಚುತ್ತದೆ.

ಕಳೆದುಕೊಂಡದ್ದನ್ನು ಬೇರೆ ನಾಣ್ಯ ಮಾರಿ ತುಂಬಿಕೊಳ್ಳೋಣ ಅಂತ ಆನ್‌ಲೈನ್‌ನಲ್ಲಿ ನನ್ನ ಹತ್ತಿರದ ಕೆಲವು ನಾಣ್ಯದ ಫೋಟೊ ಹಾಕಿದ್ದೆ. ಎರಡೇ ದಿನಕ್ಕೆ ಫೋನ್ ಬಂತು. ವೈಷ್ಣೋದೇವಿ ಚಿತ್ರದ 5 ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತಾರಂತೆ, ಮೊದಲು ರಿಸರ್ವ್ ಬ್ಯಾಂಕಿನ ಫೀಸು ಕಟ್ಟಬೇಕಂತೆ. ಕಟ್ಟಲಿಲ್ಲ. ಹಳೇ ನಾಣ್ಯ ಕೊಳ್ಳುವ ಮಾರುವ ವ್ಯವಹಾರ ನಮ್ಮದಲ್ಲ, ಅದಕ್ಕೆ ಫೀಸು, ಕಮಿಷನ್ ಯಾವುದನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ.

ಪೊಲೀಸರಿಗೆ ಅರ್ಜಿ ಕೊಟ್ಟೆ, ಗಡಿಗೆಯ ಕಥೆಯನ್ನೂ ಮುಚ್ಚಿಡದೆ ಬರೆದೆ. ಆದರೆ ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ನಗದು ಕೊಟ್ಟಿದ್ದೆ, ಚೀಟಿ ಇಲ್ಲ. ಆರು ವಾರ ಎದುರು ಕೂತು ಮಾತಾಡಿದ ಮನುಷ್ಯನ ಹೆಸರನ್ನೇ ನಾನು ಕೇಳಿರಲಿಲ್ಲ. ಅವನು ಮತ್ತೆ ನಮ್ಮ ಸಂತೆಗೆ ಬರಲಿಲ್ಲ.

ಮಕ್ಕಳಿಗೆ ಮರುದಿನವೇ ಹೇಳಿದೆ, ನಿನ್ನೆ ನಾನು ನಿಮ್ಮ ಕೈಗೆ ಕೊಟ್ಟದ್ದು ಸುಳ್ಳು ರೂಪಾಯಿ ಅಂತ. ದುಡ್ಡು ಹೋದದ್ದಕ್ಕಿಂತ ಅದನ್ನು ಹೇಳುವುದು ಕಷ್ಟವಾಯಿತು. ಆ ಇಪ್ಪತ್ತೂ ಈಗ ಶಾಲೆಯ ಕಪಾಟಿನಲ್ಲಿ ಒಂದು ಡಬ್ಬಿಯಲ್ಲಿವೆ, ಮೇಲೆ 'ನಕಲಿ' ಅಂತ ಆ ಹುಡುಗಿಯೇ ಬರೆದು ಅಂಟಿಸಿದ್ದಾಳೆ.

ಮೊನ್ನೆ ಜಮಖಂಡಿ ಕಡೆಯ ಒಬ್ಬ ಮಾಸ್ತರ ಗೆಳೆಯರು ಫೋನ್ ಮಾಡಿದ್ದರು. ಅವರ ಊರ ಸಂತೆಯಲ್ಲಿ ವಯಸ್ಸಾದವನೊಬ್ಬ ಟವೆಲ್ ಮರೆಯಲ್ಲಿ ರಾಣಿ ರೂಪಾಯಿ ತೋರಿಸುತ್ತಿದ್ದಾನಂತೆ, ಒಂದನ್ನು ಒಯ್ದು ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅನ್ನುತ್ತಾನಂತೆ. ಅದೇ ಮನುಷ್ಯನೋ ಬೇರೆಯವನೋ ಹೇಳಲಾರೆ. ಗೀರು ಇರುವ ಫೋಟೊ ಅವರಿಗೆ ಕಳಿಸಿದ್ದೇನೆ. ಈ ವಾರ ತಕ್ಕಡಿ ತಗೊಂಡು ಹೋಗುತ್ತೇನೆ ಅಂದಿದ್ದಾರೆ.